ಬ್ಲಾಸ್ಟಿಂಗ್ ಗನ್ ಬಿಟ್ಟು ಬಿಟ್ಟು ಉಗುಳುತ್ತಿದೆ, ಏನು ಮಾಡಲಿ?

ಯೆಜ್ಡಿ_ದಾವಣಗೆರೆ:
ಹದಡಿ ರಸ್ತೆಯ ಮನೆ ಹಿಂದಿನ ಶೆಡ್‌ನಲ್ಲಿ ಸ್ಯಾಂಡ್‌ಬ್ಲಾಸ್ಟಿಂಗ್ ಕ್ಯಾಬಿನೆಟ್ (ಗಾಳಿಯ ರಭಸದಲ್ಲಿ ಮರಳು ಹೊಡೆದು ತುಕ್ಕು, ಬಣ್ಣ ಕೀಳುವ ಮುಚ್ಚಿದ ಡಬ್ಬ) ಕೂರಿಸಿದ್ದೇನೆ. ಹಳೇ ಯೆಜ್ಡಿ ಬೈಕಿನ ಪಾರ್ಟ್ಸ್‌ಗೆ. ಸಕ್ಷನ್ ಗನ್ (ಮರಳನ್ನು ತಾನೇ ಹೀರಿಕೊಳ್ಳುವಂಥದ್ದು), 6 ಎಂಎಂ ನಾಝಲ್ (ಗನ್ನಿನ ಮೂತಿ), 2 ಎಚ್‌ಪಿ ಕಂಪ್ರೆಸರ್. ಸ್ವಲ್ಪ ಹೊತ್ತು ಚೆನ್ನಾಗಿ ಹೊಡೆಯುತ್ತದೆ, ಆಮೇಲೆ ಬಿಟ್ಟು ಬಿಟ್ಟು ಉಗುಳುತ್ತದೆ. ಒಳಗೆ ಧೂಳು ತುಂಬಿ ಕೈಯೇ ಕಾಣಲ್ಲ. ಸದ್ಯ ತುಂಗಭದ್ರೆಯ ಮರಳನ್ನೇ ಜರಡಿ ಹಿಡಿದು ಹಾಕಿದ್ದೇನೆ. ಗಾರ್ನೆಟ್ (ಬ್ಲಾಸ್ಟಿಂಗ್‌ಗೆ ಬಳಸುವ ಗಟ್ಟಿ ಖನಿಜದ ಕಾಳು) ತರಲೇಬೇಕಾ?

ಹರಿಹರದ_ಟರ್ನರ್:
ಮೊದಲು ಆ ಮರಳು ಹೊರಗೆ ಹಾಕಿ ಮಾರಾಯ್ರೇ. ಬಡಿದು ಪುಡಿಯಾದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಅದು ವಾಸಿಯಾಗುವ ಕಾಯಿಲೆ ಅಲ್ಲ. ಕಬ್ಬಿಣಕ್ಕೆ 80 ಮೆಶ್ (ಕಾಳು ಎಷ್ಟು ಸಣ್ಣದು ಅನ್ನುವ ಅಳತೆ) ಗಾರ್ನೆಟ್, ಅಲ್ಯೂಮಿನಿಯಂ ಕೇಸಿಂಗ್‌ಗೆ ಗ್ಲಾಸ್ ಬೀಡ್ (ಸಣ್ಣ ಗಾಜಿನ ಗುಂಡು). ಏನೇ ಹಾಕಿದರೂ ಮಾಸ್ಕ್ ಬಿಡಬೇಡಿ.

ಇನ್ನು ಗಾಳಿ. 6 ಎಂಎಂ ನಾಝಲ್ 80 ಪಿಎಸ್‌ಐ ಒತ್ತಡದಲ್ಲಿ ಹತ್ತು ಸಿಎಫ್‌ಎಂಗಿಂತ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಜಾಸ್ತಿ ಕೇಳುತ್ತದೆ. ನಿಮ್ಮ ಕಂಪ್ರೆಸರ್ ಕೊಡುವುದು 7–8 ಅಷ್ಟೇ. ಟ್ಯಾಂಕ್ ಖಾಲಿಯಾಗುತ್ತಿದ್ದಂತೆ ಉಗುಳಲು ಶುರು. ಚಿಕ್ಕ ನಾಝಲ್ ಹಾಕಿ, ಆದರೆ ಒಳಗಿನ ಏರ್ ಜೆಟ್ಟೂ (ಗನ್ನೊಳಗೆ ಗಾಳಿ ಚಿಮ್ಮುವ ಸಣ್ಣ ಮೂತಿ) ಅದರ ಜೋಡಿಯದ್ದೇ ಇರಬೇಕು. ನಾಝಲ್ ತೂತು ಜೆಟ್‌ಗಿಂತ ಸುಮಾರು ಎರಡರಷ್ಟು. ಒಂದನ್ನೇ ಬದಲಿಸಿದರೆ ಸುಮ್ನೆ ದುಡ್ಡು ದಂಡ.

ನೀರನ್ನೂ ನೋಡಿ. ಹೋಸ್ ಬಿಚ್ಚಿ ಬಿಳಿ ಕಾಗದದ ಮೇಲೆ ಗಾಳಿ ಬಿಡಿ. ಹನಿ ಬಿದ್ದರೆ ಗಾರ್ನೆಟ್ ಗಂಟು ಕಟ್ಟುತ್ತದೆ. ಗಾಳಿಯ ನೀರು ಹಿಡಿಯುವ ವಾಟರ್ ಟ್ರ್ಯಾಪನ್ನು ಕೆಲವರು ಕಂಪ್ರೆಸರ್ ಬಾಯಿಗೇ ಹಾಕುತ್ತಾರೆ, ಅಲ್ಲಿ ಗಾಳಿ ಬಿಸಿ ಇರುತ್ತದೆ, ನೀರು ಆವಿಯಾಗಿಯೇ ದಾಟಿಹೋಗುತ್ತದೆ. ಉದ್ದಕ್ಕೆ ಪೈಪ್ ಎಳೆದು, ಗಾಳಿ ತಣಿದ ಮೇಲೆ, ಗನ್ ಹತ್ತಿರ ಹಾಕಿ. ದಿನಾ ಟ್ಯಾಂಕಿನ ಕೆಳಗಿನ ಡ್ರೈನ್ ಬಿಡಿ.

ಯೆಜ್ಡಿ_ದಾವಣಗೆರೆ:
ಧೂಳಿಗೆ ವ್ಯಾಕ್ಯೂಮ್ ಕ್ಲೀನರ್ ಹಚ್ಚಿದ್ದೇನೆ ಸಾರ್. ಆನ್ ಮಾಡಿದರೆ ಕ್ಯಾಬಿನೆಟ್ಟಿಗೆ ಕೂರಿಸಿದ ಗ್ಲೌಸ್ ಒಳಮುಖವಾಗಿ ಬಲೂನಿನ ಹಾಗೆ ಊದಿಕೊಳ್ಳುತ್ತವೆ!

ಹರಿಹರದ_ಟರ್ನರ್:
ಗಾಳಿ ಒಳಗೆ ಬರಲು ದಾರಿಯೇ ಇಲ್ಲ ಅಂತ ಅರ್ಥ. ವ್ಯಾಕ್ಯೂಮ್‌ನ ಎದುರು ಗೋಡೆಗೆ ತೂತು ಕೊರೆದು, ಒಳಗಡೆ ತಗಡಿನ ಮರೆ ಕೊಡಿ. ಇಲ್ಲದಿದ್ದರೆ ಅಲ್ಲಿಂದ ಗಾರ್ನೆಟ್ ಹಾರುತ್ತದೆ. ವ್ಯಾಕ್ಯೂಮ್‌ಗೆ ಮುಂಚೆ ಒಂದು ಸೈಕ್ಲೋನ್ (ಗಾಳಿ ಸುತ್ತಿಸಿ ಧೂಳು ಕೆಳಗೆ ಬೀಳಿಸುವ ಡಬ್ಬಿ) ಇದ್ದರೆ ಫಿಲ್ಟರ್ ಉಳಿಯುತ್ತದೆ.

ದುರ್ಗದ_ಪೇಂಟರ್:
ಗನ್‌ಗೂ ಡಬ್ಬಕ್ಕೂ ಅರ್ಥ್ ವೈರ್ ಕೊಡಿ, ಒಣ ಹವೆಯಲ್ಲಿ ಚುರ್ ಅಂತ ಶಾಕ್ ಹೊಡೆಯುತ್ತದೆ. ಕಿಟಕಿ ಗಾಜಿಗೆ ಒಳಗಡೆಯಿಂದ ಪ್ಲಾಸ್ಟಿಕ್ ಶೀಟ್ ಅಂಟಿಸಿ, ಮಬ್ಬಾದಾಗ ಕಿತ್ತು ಬೇರೆ ಹಾಕಿ. ಬ್ಲಾಸ್ಟ್ ಆದ ಕಬ್ಬಿಣವನ್ನು ಬರಿಗೈಲಿ ಮುಟ್ಟಬೇಡಿ, ಬೆರಳಚ್ಚು ಇದ್ದ ಕಡೆಯೇ ತುಕ್ಕು ಏಳುತ್ತದೆ. ಅವತ್ತೇ ಪ್ರೈಮರ್ ಹೊಡೀರಿ. ಬೇರಿಂಗ್ ಕೂರುವ ಜಾಗಕ್ಕೆ ಟೇಪ್ ಸುತ್ತಿದ್ದೀರಿ ತಾನೇ?