ಹಳೆಯ ಆರ್‌ಎಕ್ಸ್ 100ಕ್ಕೆ ಸ್ಕ್ರ್ಯಾಂಬ್ಲರ್ ರೂಪ: ಬಲ್ಲವರ ಮಾತು

ಕೇಳಿದ್ದು: ಮನೆಯಲ್ಲಿ 1993ರ ಯಮಹಾ ಬೈಕ್ ಆರ್‌ಎಕ್ಸ್ 100 ಇದೆ. ಕಾಗದಪತ್ರ ಸರಿಯಿದೆ, ಗಾಡಿಯೂ ಓಡುತ್ತದೆ. ಆದರೆ ಬಿಳಿ ಹೊಗೆ ಬರುತ್ತದೆ, ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ. ಅದಕ್ಕೆ ಸ್ಕ್ರ್ಯಾಂಬ್ಲರ್ ರೂಪ, ಅಂದರೆ ಕಚ್ಚಾ ರಸ್ತೆಗೂ ಒಗ್ಗುವ ಬೈಕಿನ ರೂಪ ಕೊಡಬೇಕು: ಅಗಲದ ಹ್ಯಾಂಡಲ್, ಚಪ್ಪಟೆ ಸೀಟು, ಎಲ್‌ಇಡಿ ಹೆಡ್‌ಲೈಟ್, ದಪ್ಪ ಟೈರ್ ಹಾಕಿಸಿ, ಸೀಟಿನ ಕೆಳಗಿನ ಜಾಗ ಪೂರ್ತಿ ಖಾಲಿ ಕಾಣುವ ಹಾಗೆ ಮಾಡಿಸುವ ಆಸೆ. ಎಲ್ಲಿಂದ ಶುರು ಮಾಡಲಿ? ಏನೇನು ಕೆಡಬಹುದು?

ದಾವಣಗೆರೆಯಿಂದ, ಎಂಜಿನ್ ಕೆಲಸದವರು:

ಬಣ್ಣ, ಸೀಟು ಎಲ್ಲ ಆಮೇಲೆ. ಮೊದಲು ಆ ಬಿಳಿ ಹೊಗೆಯ ಮೂಲ ಹುಡುಕಿ. ಗೇರ್ ಆಯಿಲ್ ಪೂರ್ತಿ ಬಸಿದು ಅಳೆಯಿರಿ. ಹೊರಗೆಲ್ಲೂ ಸೋರಿಕೆ ಇಲ್ಲದೆ ಆಯಿಲ್ ಕಡಿಮೆಯಾಗಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ (ಎಂಜಿನ್ನಿನ ತಿರುಗುವ ದಂಡದ ತುದಿಯಲ್ಲಿ ಆಯಿಲ್, ಗಾಳಿ ತಡೆಯುವ ರಬ್ಬರ್ ಉಂಗುರ) ಹೋಗಿದೆ, ಎಂಜಿನ್ ಗೇರ್ ಆಯಿಲನ್ನು ಒಳಗೆಳೆದು ಸುಡುತ್ತಿದೆ ಅಂತ ಅರ್ಥ. ಎಡಗಡೆ ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಹಿಂದಿನ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಗಾಳಿ ಒಳಗೆ ಸೇರುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯದೆ ಮೇಲೇ ನಿಂತರೆ ಮೊದಲು ಆ ಸೀಲಿನ ಮೇಲೆ ಅನುಮಾನ ಪಡಿ. ಅಪಾಯ ಹೆಚ್ಚಿರುವುದು ಇದರಲ್ಲೇ: ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚಾಗಿ ಎಂಜಿನ್ ವಿಪರೀತ ಕಾದು ಪಿಸ್ಟನ್ ಜಾಮ್ ಆಗುತ್ತದೆ.

ಊಹೆ ಬೇಡ ಅಂದರೆ ಪ್ರೆಶರ್ ಹಾಕಿ ನೋಡಿ. ಕಾರ್ಬೊರೇಟರ್, ಸೈಲೆನ್ಸರ್ ಬಿಚ್ಚಿ, ಎರಡೂ ಬಾಯಿಗೆ ರಬ್ಬರ್ ಬಿಗಿದು, ಗೇಜಿರುವ ಸೈಕಲ್ ಪಂಪಿನಿಂದ 5-6 ಪಿಎಸ್‌ಐ ಗಾಳಿ ತುಂಬಿ. ಕೆಲವು ನಿಮಿಷ ಮುಳ್ಳು ಇಳಿಯಬಾರದು. ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದಲ್ಲಿ ಸೋರಿಕೆ. ಕೇಸ್ ಬಿಚ್ಚುವ ಪ್ರಸಂಗ ಬಂದರೆ ಎರಡೂ ಸೀಲ್, ಎರಡೂ ಮೇನ್ ಬೇರಿಂಗ್ ಒಟ್ಟಿಗೇ ಬದಲಿಸಿ. ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟರೆ ಅದೇ ಕೂಲಿ ಮತ್ತೆ ಕೊಡಬೇಕು.

ಬೋರ್, ಅಂದರೆ ಸಿಲಿಂಡರಿನ ಒಳ ಅಗಲದ ವಿಷಯ: ಮೂಲ ಅಳತೆ 50 ಮಿ.ಮೀ., ಸ್ಟ್ರೋಕೂ (ಪಿಸ್ಟನ್ ಚಲಿಸುವ ದೂರ) 50. ಸವೆದ ಸಿಲಿಂಡರನ್ನು ಕೊರೆದು ಹಾಕುವ ಓವರ್‌ಸೈಜ್ ಪಿಸ್ಟನ್ 0.25 ಮಿ.ಮೀ. ಅಂತರದಲ್ಲಿ ಸಿಗುತ್ತವೆ. ಮೊದಲು ಪಿಸ್ಟನ್ ಕೊಂಡು ಅದನ್ನು ಬೋರ್ ಹೊಡೆಯುವವರ ಕೈಗೆ ಕೊಡಿ, ಆ ಪಿಸ್ಟನ್ ಅಳೆದೇ ಬೋರ್ ಹೊಡೆಯಬೇಕು. ಬರೀ ಸೈಜ್ ಹೇಳಿ ಬರಬೇಡಿ. ಟೂ ಸ್ಟ್ರೋಕ್ ಸಿಲಿಂಡರಿನಲ್ಲಿ ಬಹಳ ಕಡೆ ಮರೆತುಹೋಗುವ ಕೆಲಸ ಇನ್ನೊಂದಿದೆ: ಬೋರ್ ಆದಮೇಲೆ ಪ್ರತಿ ಪೋರ್ಟಿನ (ಸಿಲಿಂಡರ್ ಗೋಡೆಯ ಕಿಂಡಿಯ) ಅಂಚನ್ನು ಸಣ್ಣಗೆ ಉಜ್ಜಿ ಮೊಂಡು ಮಾಡಬೇಕು. ಬೋರ್ ಆದಮೇಲೆ ಆ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ, ರಿಂಗ್ ಅದಕ್ಕೆ ಸಿಕ್ಕಿ ಮುರಿಯುತ್ತದೆ. ರಿಂಗನ್ನು ಸಿಲಿಂಡರಿನೊಳಗೆ ನೇರವಾಗಿ ಇಟ್ಟು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ತಗಡು) ಅದರ ಎರಡು ತುದಿಗಳ ನಡುವಿನ ಬಾಯಿ ನೋಡಿ, 0.15ರಿಂದ 0.35 ಮಿ.ಮೀ. ಒಳಗಿರಲಿ. ಪಿಸ್ಟನ್ ತಲೆಯ ಬಾಣ ಸೈಲೆನ್ಸರ್ ಕಡೆಗೆ. ಹೊಸ ಬೋರಿಗೆ ಮೊದಲ 500 ಕಿ.ಮೀ. ಅರ್ಧ ಆಕ್ಸಿಲರೇಟರ್ ದಾಟಬೇಡಿ. ಒಂದೇ ವೇಗದಲ್ಲಿ ಹೈವೇ ಎಳೆಯುವುದೂ ಬೇಡ.

ಸಕಲೇಶಪುರದಿಂದ:

ಸೀಟಿನ ಕೆಳಗೆ ಖಾಲಿ ಬೇಕು ಅಂದಿರಿ. ಈ ಗಾಡಿಯಲ್ಲಿ ಅಲ್ಲಿರುವುದು ಏರ್ ಫಿಲ್ಟರ್ ಡಬ್ಬಿ, ಬ್ಯಾಟರಿ, 2ಟಿ ಆಯಿಲ್ (ಪೆಟ್ರೋಲ್ ಜೊತೆ ಉರಿಯುವ ಟೂ ಸ್ಟ್ರೋಕ್ ಆಯಿಲ್) ಟ್ಯಾಂಕ್. ಮೂರನ್ನೂ ತೆಗೆದರೆ ನೋಡಲು ಚೆನ್ನ, ಎಂಜಿನ್ನಿಗೆ ಮಾತ್ರ ಪೆಟ್ಟು.

ಡಬ್ಬಿ ತೆಗೆದು ಶಂಕುವಿನಾಕಾರದ ಫಿಲ್ಟರ್ ಹಾಕಿದರೆ ಗಾಳಿ ಜಾಸ್ತಿ ನುಗ್ಗುತ್ತದೆ. ಮೇನ್ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ತಿರುಪು) ದೊಡ್ಡದು ಮಾಡದೆ ಓಡಿಸಿದರೆ ಜಾಮ್ ಖಚಿತ. ಬೇಕೆಂದೇ ದೊಡ್ಡ ಜೆಟ್ಟಿನಿಂದ ಶುರು ಮಾಡಿ ಒಂದೊಂದೇ ನಂಬರ್ ಇಳಿಸುತ್ತ ಬನ್ನಿ. ಚಿಕ್ಕದರಿಂದ ಮೇಲೇರಲು ಹೋದರೆ ಸರಿಯಾದ ಜೆಟ್ ಸಿಗುವಷ್ಟರಲ್ಲಿ ಪಿಸ್ಟನ್ ಗೀರಿರುತ್ತದೆ. ಪರೀಕ್ಷೆ ಹೀಗೆ: ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಸ್ವಲ್ಪ ದೂರ ಎಳೆಯಿರಿ. ಕ್ಲಚ್ ಹಿಡಿದು, ಅದೇ ಗಳಿಗೆಗೆ ಕೀ ಆಫ್ ಮಾಡಿ ನಿಲ್ಲಿಸಿ. ಪ್ಲಗ್ ತುದಿ ಕಾಫಿಪುಡಿ ಬಣ್ಣವಿದ್ದರೆ ಸರಿ, ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಒದ್ದೆ ಕಪ್ಪಾಗಿದ್ದರೆ ಹೆಚ್ಚು. ಅರ್ಧ ಆಕ್ಸಿಲರೇಟರಿನಲ್ಲಿ ಮಾತ್ರ ತೊಡರಿದರೆ ಜೆಟ್ ಮುಟ್ಟಬೇಡಿ, ಕಾರ್ಬೊರೇಟರ್ ಸೂಜಿಯ ಕ್ಲಿಪ್ ನೋಡಿ. ಕ್ಲಿಪ್ ಒಂದು ಗೀರು ಕೆಳಗಿಟ್ಟರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ. ಇನ್ನೊಂದು: ಇಲ್ಲಿ ಮಳೆಗಾಲದಲ್ಲಿ ತೆರೆದ ಫಿಲ್ಟರ್ ನೇರ ನೀರು ಕುಡಿಯುತ್ತದೆ.

ಆಯಿಲ್ ಟ್ಯಾಂಕ್ ತೆಗೆದರೆ ಅದರಿಂದ ಎಂಜಿನ್ನಿಗೆ ಆಯಿಲ್ ಕೊಡುವ ಪಂಪೂ ಹೋಯಿತು, ಪೆಟ್ರೋಲಿಗೇ 2ಟಿ ಬೆರೆಸಬೇಕು. ಲೀಟರಿಗೆ 30 ಮಿ.ಲೀ., ಹೊಸ ಬೋರಿಗೆ 40. ಪಂಪಿನ ಆಯಿಲ್ ಬಂದು ಸೇರುತ್ತಿದ್ದ ಸಣ್ಣ ತೂತನ್ನು ಗಟ್ಟಿಯಾಗಿ ಮುಚ್ಚದಿದ್ದರೆ ಅದೇ ದಾರಿಯಲ್ಲಿ ಗಾಳಿ ಎಳೆಯುತ್ತದೆ. ಹೀಗೆ ಬೆರೆಸಿ ಘಾಟಿ ಇಳಿಯುವವರು ಇನ್ನೊಂದನ್ನು ಗಮನಿಸಬೇಕು. ಶಿರಾಡಿ, ಚಾರ್ಮಾಡಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಎಂಜಿನ್ ಮೇಲೇ ಗಾಡಿ ಹಿಡಿದರೆ ಒಳಗೆ ಪೆಟ್ರೋಲ್ ಹೋಗುವುದು ಅತಿ ಕಡಿಮೆ, ಅದರ ಜೊತೆ ಬರುವ ಆಯಿಲೂ ಅಷ್ಟೇ. ಕ್ರ್ಯಾಂಕ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡುತ್ತ ಇಳಿಯಬೇಕು. ಯಮಹಾದ ಆಟೋಲ್ಯೂಬ್ ಪಂಪ್ ಎಂಜಿನ್ ತಿರುಗಿದಷ್ಟೂ ಆಯಿಲ್ ಕೊಡುತ್ತಲೇ ಇರುತ್ತದೆ. ಹಾಗಾಗಿ ನಮ್ಮ ಕಡೆಯ ರಸ್ತೆಗೆ ಪಂಪ್ ಉಳಿಸಿಕೊಳ್ಳುವುದೇ ಒಳ್ಳೆಯದು. ಡಬ್ಬಿಯನ್ನೂ ಟ್ಯಾಂಕನ್ನೂ ಇದ್ದಲ್ಲೇ ಬಿಟ್ಟು, ಸೈಡ್ ಪ್ಯಾನಲ್ಲಿನ ಆಕಾರವನ್ನಷ್ಟೇ ಬದಲಿಸಿ.

ಬೆಂಗಳೂರಿನಿಂದ:

ಪಂಪ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೂವತ್ತು ವರ್ಷದ ಪಂಪಿನ ಸೀಲ್ ಸೋರುತ್ತಿದ್ದರೆ, ಕೇಬಲ್ ಗುರುತು ಹೊಂದದಿದ್ದರೆ, ಪಂಪ್ ಇದೆ ಅಂತ ನಂಬಿ ಕೂರುವುದೇ ಹೆಚ್ಚು ಅಪಾಯ. ಆಕ್ಸಿಲರೇಟರ್ ಕೇಬಲ್ ನಡುವೆ ಎರಡಾಗಿ ಒಡೆದು ಒಂದು ಕಾರ್ಬೊರೇಟರಿಗೆ, ಒಂದು ಪಂಪಿಗೆ ಹೋಗುತ್ತದೆ. ಉಳಿಸುವುದಾದರೆ ಕೇಬಲ್ ಹೊಸದು ಹಾಕಿ, ಪಂಪ್ ಪುಲ್ಲಿಯ ಗುರುತು ಹೊಂದಿಸಿ, ಗಾಳಿ ಪೂರ್ತಿ ಹೊರಹಾಕಿ. ಪೈಪಿನಲ್ಲಿ ಒಂದು ಗುಳ್ಳೆ ಉಳಿದರೂ ಅಷ್ಟು ಹೊತ್ತು ಎಂಜಿನ್ ಆಯಿಲ್ ಇಲ್ಲದೆ ಓಡುತ್ತದೆ. ಗಾಳಿ ಹೋಯಿತು ಅಂತ ಖಾತ್ರಿಯಾಗುವವರೆಗೆ ಟ್ಯಾಂಕಿನ ಪೆಟ್ರೋಲಿಗೂ ಲೀಟರಿಗೆ 20 ಮಿ.ಲೀ. 2ಟಿ ಬೆರೆಸಿರಿ.

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್. ಹಳೆಯ ರಬ್ಬರ್ ಪೈಪ್, ಪೆಟ್ರೋಲ್ ಕಾಕ್ ವಾಷರ್ ಅದರಲ್ಲಿ ಉಬ್ಬಿ ಮೆತ್ತಗಾಗುತ್ತವೆ. ಎಥನಾಲ್ ತಡೆಯುವ ಪೈಪ್ ಕೇಳಿ ಹಾಕಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಕಾರ್ಬೊರೇಟರ್ ಬಟ್ಟಲನ್ನು ಖಾಲಿ ಮಾಡಿಡಿ.

ವೈರಿಂಗ್ ಕೆಲಸದವರು, ತುಮಕೂರು:

ಹೆಡ್‌ಲೈಟ್ ಬಗ್ಗೆ. ಆರ್‌ಎಕ್ಸ್‌ನಲ್ಲಿ ಹೆಡ್‌ಲೈಟ್ ಉರಿಯುವುದು ಬ್ಯಾಟರಿಯಿಂದಲ್ಲ, ಮ್ಯಾಗ್ನೆಟ್ ಕಾಯಿಲಿನ ಎಸಿಯಿಂದ. ಎಲ್‌ಇಡಿ ಬಲ್ಬ್ ನೇರ ಸಿಕ್ಕಿಸಿದರೆ ಮಿಣುಕುತ್ತದೆ, ಬೇಗ ಸುಟ್ಟೂ ಹೋಗುತ್ತದೆ. ಸರಿಯಾದ ದಾರಿ ಪೂರ್ತಿ ಡಿಸಿ ಮಾಡುವುದು, ಅಂದರೆ ಲೈಟೆಲ್ಲ ಬ್ಯಾಟರಿಯಿಂದ ಉರಿಯುವಂತೆ ಮಾಡುವುದು.

ಮ್ಯಾಗ್ನೆಟ್ ಬಿಚ್ಚಲು ಆರ್‌ಎಕ್ಸ್ ಪುಲ್ಲರ್ ಬಳಸಿ. ಸುತ್ತಿಗೆ ಹೊಡೆದರೆ ಕ್ರ್ಯಾಂಕ್ ಅಲೈನ್‌ಮೆಂಟ್ ಹೋಗುತ್ತದೆ. ಲೈಟಿಂಗ್ ಕಾಯಿಲಿನ ಒಂದು ತುದಿಯನ್ನು ಪ್ಲೇಟಿಗೆ ಅರ್ಥ್ ಮಾಡಿರುತ್ತಾರೆ. ಆ ಬೆಸುಗೆ ಬಿಡಿಸಿ, ಅಲ್ಲಿಂದ ಹೊಸ ವೈರ್ ಹೊರಗೆ ತನ್ನಿ. ಈಗ ಎರಡೂ ತುದಿಗಳನ್ನು ಫುಲ್ ವೇವ್ ರೆಗ್ಯುಲೇಟರ್ ರೆಕ್ಟಿಫೈಯರ್‌ಗೆ (ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿದಿಡುವ ಭಾಗ) ಕೊಡಿ. ಅದರ ಪಾಸಿಟಿವ್ 10 ಆಂಪಿಯರ್ ಫ್ಯೂಸ್ ಮೂಲಕ ಬ್ಯಾಟರಿಗೆ ಹೋಗಲಿ. ಸಿಡಿಐಗೆ (ಪ್ಲಗ್ ಕಿಡಿ ನಡೆಸುವ ಪೆಟ್ಟಿಗೆ) ಹೋಗುವ ಕಾಯಿಲ್, ಪಲ್ಸರ್ ಕಾಯಿಲ್ ಮುಟ್ಟಲೇಬಾರದು, ಅವುಗಳ ದಾರಿ ಬೇರೆ. ಲೈಟಿಂಗ್ ಕಾಯಿಲಿನ ಶಕ್ತಿ ಕಡಿಮೆ. ಎಲ್‌ಇಡಿ 20 ವ್ಯಾಟ್ ಒಳಗಿರಲಿ, ಎರಡೆರಡು ಫಾಗ್ ಲೈಟ್ ಬೇಡ.

ಇಂಡಿಕೇಟರನ್ನೂ ಎಲ್‌ಇಡಿ ಮಾಡಿದರೆ ಹಳೆಯ ಫ್ಲ್ಯಾಷರ್ ಕೆಲಸ ಮಾಡುವುದಿಲ್ಲ, ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಬೇಕು. ಆಗ ಎಡಕ್ಕೆ ಹಾಕಿದರೂ ನಾಲ್ಕೂ ಮಿನುಗುವ ಕಾಟ ಶುರುವಾದೀತು. ಮೀಟರಿನ ಒಂದೇ ಸೂಚಕ ಬಲ್ಬ್ ಎಡ ಬಲ ಎರಡಕ್ಕೂ ಸೇರಿರುವುದೇ ಕಾರಣ. ಎಡದಿಂದ ಒಂದು, ಬಲದಿಂದ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹಾಕಿ ಆ ಬಲ್ಬಿಗೆ ತಂದು, ಬಲ್ಬಿನ ಇನ್ನೊಂದು ತುದಿಯನ್ನು ಅರ್ಥ್ ಮಾಡಿದರೆ ಸರಿಹೋಗುತ್ತದೆ.

ಚಾಸಿ ಪೌಡರ್ ಕೋಟಿಂಗ್ (ಪುಡಿ ಬಣ್ಣ ಹೊಡೆದು ಬೇಯಿಸುವುದು) ಮಾಡಿಸಿದ ಮೇಲೆ ಬಹಳ ಗಾಡಿಗಳಲ್ಲಿ ಲೈಟ್ ಮಂಕಾಗಲು, ಹಾರ್ನ್ ಕೀರಲಾಗಲು ಅರ್ಥ್ ಸಿಗದಿರುವುದೇ ಕಾರಣ. ಎಂಜಿನ್ ಬೋಲ್ಟ್, ಇಗ್ನಿಷನ್ ಕಾಯಿಲ್ ಬೋಲ್ಟ್, ರೆಗ್ಯುಲೇಟರ್ ಬೋಲ್ಟ್ ಕೂರುವ ಜಾಗದಲ್ಲಿ ಕೋಟಿಂಗ್ ಕೆರೆದು ಲೋಹ ಕಾಣುವಂತೆ ಮಾಡಿ.

ಹುಬ್ಬಳ್ಳಿಯಿಂದ:

ಟೈರ್ ಭಾಳ ದಪ್ಪ ಹಾಕಬ್ಯಾಡ್ರಿ. 11 ಪಿಎಸ್ ಶಕ್ತಿಯ ಗಾಡಿ ಅದು. ಮುಂದ 2.75-18, ಹಿಂದ 3.00-18 ಸಾಕು, ಪಿಕಪ್ ಉಳಿತೈತಿ. 100 ಮಿ.ಮೀ. ಅಗಲದ ಟೈರ್ ತುರುಕಿದ್ರ ಚೈನ್ ಕವರಿಗೆ, ಸ್ವಿಂಗ್ ಆರ್ಮಿಗೆ ತಿಕ್ಕತೈತಿ, ಸಣ್ಣ ರಿಮ್ ಮ್ಯಾಲೆ ಟೈರ್ ಗುಂಡಗಾಗಿ ತಿರುವಿನ್ಯಾಗ ಹಿಡಿತ ಹೋಗತೈತಿ.

ಸೀಟ್ ಮಾಡಸೂ ಮುಂಚೆ ಹಿಂದಿನ ಎರಡೂ ಶಾಕ್ ಬಿಚ್ಚಿ, ಚಕ್ರಾ ಕೈಲೆ ಮ್ಯಾಲೆತ್ತಿ ನೋಡ್ರಿ. ಶಾಕ್ ಪೂರ್ತಿ ಒತ್ತಿದಾಗ ಎಷ್ಟು ಮ್ಯಾಲೆ ಬರತದೋ ಅಲ್ಲಿಂದ 25-30 ಮಿ.ಮೀ. ಬಿಟ್ಟು ಸೀಟಿನ ತಳಾ ಕೂಡಬೇಕು. ಮಡ್‌ಗಾರ್ಡ್ ತಗದು, ಇದನ್ನ ಅಳೀದೇ ಸೀಟ್ ಕೂಡಿಸಿದ್ರ ಮೊದಲ್ನೇ ಗುಂಡ್ಯಾಗ ಟೈರ್ ಬಂದು ವೈರಿಂಗ್ ಹರೀತದ. ಹಿಂದಿನ ಚಾಸಿ ಪೈಪ್ ಮಾತ್ರ ಕೊಯ್ಯಬ್ಯಾಡ್ರಿ, ಇದ್ದ ಹೋಲ್‌ಗೇ ಬ್ರಾಕೆಟ್ ಹಾಕಿ ಸೀಟ್ ಕೂಡಸ್ರಿ. ನಾಳೆ ಮನಸ್ಸು ಬದಲಾದ್ರ ಹಳೇ ಸೀಟ್ ಹಾಕಾಕ ಬರಬೇಕು.

ಅಗಲ ಹ್ಯಾಂಡಲ್ ಹಾಕಿದ್ಮ್ಯಾಲೆ ಗಾಡಿ ಚಾಲೂ ಇಟ್ಟು ಎಡಕ್ಕ, ಬಲಕ್ಕ ಪೂರ್ತಿ ತಿರುವಿ ನೋಡ್ರಿ. ಆರ್‌ಪಿಎಂ ಏರಿದ್ರ ಕೇಬಲ್ ಗಿಡ್ಡ ಆಗೇದ ಅಂತ. ಉದ್ದಂದು ಮಾಡಿಸೇ ರೋಡಿಗೆ ತಗೀರಿ.

ಪೇಂಟಿಂಗ್ ಕೆಲಸದವರು, ಮೈಸೂರು:

ಟ್ಯಾಂಕ್ ಒಳಗಿನ ತುಕ್ಕಿಗೆ ಸಿಟ್ರಿಕ್ ಆಸಿಡ್ ಪುಡಿ ಸಾಕು. ಕಾಕ್ ಬಿಚ್ಚಿ ಬಾಯಿ ಮುಚ್ಚಿ, ಲೀಟರ್ ಬಿಸಿನೀರಿಗೆ 100 ಗ್ರಾಂ ಲೆಕ್ಕದಲ್ಲಿ ಟ್ಯಾಂಕ್ ತುಂಬ ಹಾಕಿ ಒಂದು ದಿನ ಬಿಡಿ. ಚೆಲ್ಲಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಕೂಡಲೇ ಬಿಸಿಗಾಳಿ ಹಾಕಿ ಒಣಗಿಸಿ. ಅರ್ಧ ಗಂಟೆ ತಡವಾದರೂ ಕೆಂಪು ತುಕ್ಕು ಮತ್ತೆ ಕೂರುತ್ತದೆ. ಒಣಗಿದ ಮೇಲೆ 2ಟಿ ಆಯಿಲ್ ಒಂದಿಷ್ಟು ಹಾಕಿ ಒಳಗೆಲ್ಲ ತಿರುಗಿಸಿಡಿ. ಇದನ್ನು ಬಣ್ಣಕ್ಕೆ ಮೊದಲೇ ಮುಗಿಸಬೇಕು, ಆಸಿಡ್ ಹೊರಗೆ ಹರಿದರೆ ಹೊಸ ಬಣ್ಣ ಹಾಳು. ತೂತಿಗೆ ಬೆಸುಗೆ ಬೇಕಾದರೆ ಟ್ಯಾಂಕನ್ನು ಹಲವು ಸಲ ತೊಳೆದು, ನೀರು ತುಂಬಿಯೇ ಹಾಕಿಸಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಗೆ ಕಿಡಿ ತಾಗಿದರೆ ಸಿಡಿಯುತ್ತದೆ.

ಬಣ್ಣ ಪಿಯು (ಪಾಲಿಯುರೆಥೇನ್) ಆಗಿರಲಿ, ಮೇಲೆ ಟೂ ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯುವ ಪಾರದರ್ಶಕ ಪದರ). ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಅಗ್ಗ, ಆದರೆ ಮುಚ್ಚಳದ ಸುತ್ತ ಪೆಟ್ರೋಲ್ ಚೆಲ್ಲಿದಲ್ಲೆಲ್ಲ ಕರಗುತ್ತದೆ. ಸ್ಟಿಕ್ಕರನ್ನು ಕ್ಲಿಯರ್ ಕೆಳಗೆ ಹಾಕಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಶೆಡ್‌ನಲ್ಲಿ ಪೇಂಟ್ ಬೇಡ, ತೇವಕ್ಕೆ ಮೇಲ್ಮೈ ಮಸುಕಾಗುತ್ತದೆ. ಮೂಲ ಪೀಕಾಕ್ ಬ್ಲೂ, ಚೆರಿ ರೆಡ್ ಎರಡೂ ಈ ಟ್ಯಾಂಕಿಗೆ ಎಷ್ಟು ಒಪ್ಪುತ್ತವೆ ಅಂದರೆ, ಮ್ಯಾಟ್ ಕಪ್ಪು ಬಳಿಯುವ ಮುಂಚೆ ಇನ್ನೊಮ್ಮೆ ಯೋಚಿಸಿ ಅಂತಲೇ ಹೇಳುತ್ತೇನೆ.

ಕೇಳಿದವರು: ಸೀಲ್, ಪಂಪ್ ಎಲ್ಲ ಸರಿ ಮಾಡಿಸುತ್ತೇನೆ. ನಡು ಉಬ್ಬಿದ ಚೇಂಬರ್ ಸೈಲೆನ್ಸರ್ ಹಾಕಿದರೆ? ಕಾನೂನಿನ ಕಡೆಯಿಂದ ಏನಾದರೂ?

ಬೆಂಗಳೂರಿನಿಂದ:

ಎಕ್ಸ್‌ಪಾನ್ಷನ್ ಚೇಂಬರ್ ಶಕ್ತಿಯನ್ನು ಮೇಲಿನ ಆರ್‌ಪಿಎಂಗೆ ಒಯ್ಯುತ್ತದೆ, ಕೆಳಗೆ ಗಾಡಿ ಸತ್ತಂತಿರುತ್ತದೆ. ನಾಲ್ಕೇ ಗೇರ್ ಇರುವುದರಿಂದ ಗೇರ್ ಹಾಕಿದಾಗ ಆ ಆರ್‌ಪಿಎಂನಿಂದ ಕೆಳಗೆ ಬಿದ್ದುಬಿಡುತ್ತದೆ. ಸ್ಕ್ರ್ಯಾಂಬ್ಲರಿಗೆ ಬೇಕಾದದ್ದು ಇದರ ತದ್ವಿರುದ್ಧ. ಮೂಲ ಸೈಲೆನ್ಸರಿನ ಬ್ಯಾಫಲ್ (ಸದ್ದು ತಗ್ಗಿಸುವ ಒಳಕೊಳವೆ) ಬಿಚ್ಚಿ ಮಸಿ ಕೆರೆದು ಮತ್ತೆ ಹಾಕಿ, ಎಳೆತ ತಾನೇ ಬರುತ್ತದೆ.

ಕಾನೂನು: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಸದ್ದು, ಹೊಗೆಯ ಮಿತಿ ಮೀರಿದರೆ 190(2) ಪ್ರಕಾರ 10,000 ರೂ.ವರೆಗೆ ದಂಡ ಇದೆ. ಬೇರೆ ಎಂಜಿನ್, ಕೊಯ್ದ ಚಾಸಿ, ಸದ್ದಿನ ಸೈಲೆನ್ಸರ್ ಮೂರೂ ಬೇಡ. ಬಣ್ಣ ಬದಲಿಸಿದರೆ ಆರ್‌ಟಿಒದಲ್ಲಿ ಅರ್ಜಿ ಕೊಟ್ಟು ಆರ್‌ಸಿಗೆ ಬರೆಸಿ. ನಿಮ್ಮದು 1993ರ ಗಾಡಿ, 15 ವರ್ಷದ ನಂತರ ಐದೈದು ವರ್ಷಕ್ಕೆ ಫಾರಂ 25ರಲ್ಲಿ ನೋಂದಣಿ ನವೀಕರಿಸಬೇಕು. ಅವಧಿ ಹತ್ತಿರವಿದ್ದರೆ ಗಾಡಿ ಬಿಚ್ಚುವ ಮೊದಲೇ ಅದನ್ನು ಮುಗಿಸಿಕೊಳ್ಳಿ, ತಪಾಸಣೆಗೆ ಗಾಡಿ ಒಯ್ದು ತೋರಿಸಬೇಕು.

ಮರಳು ಹೊಡೆದು ಹಳೆ ಬಣ್ಣ ಕಳಚುವ ಬ್ಲಾಸ್ಟಿಂಗಿಗೆ ಚಾಸಿ ಕೊಡುವಾಗ ಕತ್ತಿನ ಬಳಿಯ ಚಾಸಿ ನಂಬರಿನ ಮೇಲೆ ದಪ್ಪ ಟೇಪ್ ಎರಡು ಮೂರು ಪದರ ಅಂಟಿಸಿ. ಮರಳಿನ ಹೊಡೆತಕ್ಕೆ ಅಕ್ಷರ ಮಸುಕಾದರೆ, ಅಥವಾ ಕೋಟಿಂಗ್ ತುಂಬಿಕೊಂಡರೆ ಪೆನ್ಸಿಲ್ ಅಚ್ಚು ಮೂಡುವುದಿಲ್ಲ, ಆರ್‌ಟಿಒದಲ್ಲಿ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸ್ಟೀರಿಂಗ್ ಕೋನ್ ಕೂರುವ ಜಾಗ, ಎಂಜಿನ್ ಬೋಲ್ಟಿನ ಹೋಲ್, ಬೋಲ್ಟ್ ತಿರುಗುವ ಎಲ್ಲ ಥ್ರೆಡ್‌ಗಳನ್ನೂ ಮುಚ್ಚಿಯೇ ಪೌಡರ್ ಹೊಡೆಯಲು ಹೇಳಿ. ರಬ್ಬರ್ ಬುಷ್ ಎಲ್ಲ ಹೊರಗೆ ತೆಗೆದಿರಬೇಕು, ಕೋಟಿಂಗ್ ಬೇಯುವುದು ಸುಮಾರು 200 ಡಿಗ್ರಿಯಲ್ಲಿ.