ನಡು ನೋವಿದೆ, ಹೆಂಡತಿ ಹಿಂದೆ ಕೂರ್ತಾರೆ, ಯಾವ ಬೈಕ್ ತಗೊಳ್ಳಲಿ?

ಪ್ರಶ್ನೆ: ಮಿಸ್ತ್ರಿ ಅಣ್ಣಾರಿಗೆ ನಮಸ್ಕಾರ. ನನಗೆ 44 ವರ್ಷ, ಎತ್ತರ 5 ಅಡಿ 5 ಇಂಚು. ಮನೆ ವಿಜಯಪುರದ ಜಲನಗರ, ಕೆಲಸ ಸ್ಟೇಷನ್ ರೋಡ್ ಕಡೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬರುವುದೂ ಸೇರಿ ದಿನಕ್ಕೆ 15 ಕಿ.ಮೀ. ಓಡಾಟ. ವರ್ಷಕ್ಕೆ ಮೂರು ನಾಲ್ಕು ಸಲ ಹೆಂಡತಿ ಜೊತೆ ಕೂಡಲಸಂಗಮ, ಬಾದಾಮಿ, ಪಂಢರಪುರ ಅಂತ ಹೋಗುತ್ತೇವೆ. ಈಗಿರುವುದು ಹಳೆಯ 100 ಸಿಸಿ ಗಾಡಿ. ಕಳೆದ ಸಲ ಬಾದಾಮಿಗೆ ಹೋಗಿ ಬಂದು ಎರಡು ದಿನ ಮಲಗಿಬಿಟ್ಟೆ. ನಡು ಹಿಡಿದಿತ್ತು. ಗೆಳೆಯರು ಕೆಲವರು 350 ತಗೋ ಅಂತಾರೆ, ಕೆಲವರು ಕ್ರೂಸರ್ ತಗೋ, ಸೋಫಾ ಇದ್ದಂಗೆ ಅಂತಾರೆ. ನೀವೇನಂತೀರಿ?

ಉತ್ತರ: ನಮಸ್ಕಾರ ರೀ. ನಡು ನೋವಿಗೂ ಸಿಸಿಗೂ ನಂಟು ಕಡಿಮೆ. ಸೀಟು, ಹ್ಯಾಂಡಲ್, ಫುಟ್‌ರೆಸ್ಟ್ ಈ ಮೂರೂ ನಿಮ್ಮ ಮೈಗೆ ಹೊಂದಬೇಕು, ಅಷ್ಟೇ.

ಸೋಫಾ ಮಾತಿಗೆ ನಾನೂ ಒಮ್ಮೆ ಬಿದ್ದವನೇ. ಕ್ರೂಸರ್ ತಗೊಂಡು ಎಂಟು ತಿಂಗಳಿಗೆ ಮಾರಿದೆ. ಗಾಡಿ ಕೆಟ್ಟದಿರಲಿಲ್ಲ, ನನ್ನ ನಡುವಿಗೆ ಆಗಿಬರಲಿಲ್ಲ. ಕ್ರೂಸರ್‌ನಲ್ಲಿ ಕಾಲು ಮುಂದೆ ಚಾಚಿರುತ್ತವೆ. ಹಂಪ್ ಬಂದಾಗ ಸೀಟಿನಿಂದ ಏಳಲು ಆಗುವುದಿಲ್ಲ. ಪೆಟ್ಟು ನೇರವಾಗಿ ಬೆನ್ನುಮೂಳೆಯ ಬುಡಕ್ಕೆ ಬೀಳುತ್ತದೆ. ಫುಟ್‌ರೆಸ್ಟ್ ತೊಡೆಯ ಕೆಳಗೇ ಇದ್ದರೆ ಕಾಲಿನ ಮೇಲೆ ಭಾರ ಹಾಕಿ ಎರಡು ಇಂಚು ಎದ್ದರೆ ಸಾಕು, ಮೊಣಕಾಲೇ ಪೆಟ್ಟು ನುಂಗುತ್ತದೆ. ನಮ್ಮೂರಿನ ಹಂಪ್‌ಗಳ ಲೆಕ್ಕ ನಿಮಗೆ ಗೊತ್ತೇ ಇದೆ.

ಇನ್ನು ಲೆಕ್ಕ ಹಾಕಿ. ದಿನಕ್ಕೆ 15 ಕಿ.ಮೀ. ಅಂದರೆ 300 ದಿನಕ್ಕೆ 4,500. ಪ್ರವಾಸ ನಾಲ್ಕು ಸಲ, ಹೋಗಿ ಬರಲು 250 ಅಂದುಕೊಂಡರೂ 1,000 ಕಿ.ಮೀ. ಹೆಚ್ಚು ಓಡುವುದು ಊರಲ್ಲೇ, ಹಾಗಾಗಿ ಗಾಡಿಯನ್ನೂ ಊರಿಗೆ ನೋಡಿಯೇ ತಗೊಳ್ಳಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತೂಕ 195 ಕೆ.ಜಿ. ಹೋಂಡಾ ಯೂನಿಕಾರ್ನ್ 140 ಕೆ.ಜಿ. ಆಸುಪಾಸು. ನಡುವೆ ಒಂದು ಸಿಮೆಂಟ್ ಚೀಲದ ಮೇಲೆ ವ್ಯತ್ಯಾಸ. ಓಡುವಾಗ ಅದು ಗೊತ್ತಾಗುವುದಿಲ್ಲ. ಗಾಂಧಿ ಚೌಕ್‌ನಲ್ಲಿ ಎರಡು ಗಾಡಿ ನಡುವೆ ಸಿಕ್ಕಿಸಿ ನಿಲ್ಲಿಸಿದ್ದನ್ನು ಹಿಂದಕ್ಕೆ ಎಳೆಯುವಾಗ ಗೊತ್ತಾಗುತ್ತದೆ. ನಡು ಹಿಡಿಯುವುದೂ ಆಗಲೇ.

ಹಾಗಂತ 350 ಬೇಡವೇ ಬೇಡ ಅನ್ನಲ್ಲ. 2020ರಲ್ಲಿ ಅದೇ ಕಂಪನಿಯ ಮೀಟಿಯರ್ ಅನ್ನೋ ಕ್ರೂಸರ್ ಜೊತೆ ಬಂದ ಹೊಸ ಎಂಜಿನ್‌ನಲ್ಲಿ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇದೆ. ಹಳೆಯ 350ರಂತೆ ಕೈ ಜುಮ್ಮೆನ್ನುವುದಿಲ್ಲ. ಹೈವೇಯಲ್ಲಿ ಇಬ್ಬರು ಕೂತು 80-90ರಲ್ಲಿ ಹಾಯಾಗಿ ಹೋಗಬಹುದು. 160 ಸಿಸಿ ಗಾಡಿ ಇಬ್ಬರನ್ನು ಹೊತ್ತು 70ರ ಆಸುಪಾಸಿನಲ್ಲಿ ಖುಷಿಯಾಗಿರುತ್ತದೆ, ಅದಕ್ಕಿಂತ ಜಾಸ್ತಿ ಹಿಂಡಬಾರದು. ಬಾದಾಮಿಗೆ ಅರ್ಧ ಗಂಟೆ ತಡ ಆದರೆ ಏನಾಯಿತು? ನಿಮ್ಮ ಜಾಗದಲ್ಲಿ ನಾನಿದ್ದರೆ 150-160 ಸಿಸಿ, ನೆಟ್ಟಗೆ ಕೂರುವ ಗಾಡಿಯನ್ನೇ ತಗೊಳ್ಳುತ್ತಿದ್ದೆ.

ಮನೆಯವರ ವಿಷಯ ಕೇಳಲೇ ಇಲ್ಲ ನೀವು! ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರ್ತಾರಾ? ಹಾಗಿದ್ದರೆ ಮೆಟ್ಟಿಲಿನಂತೆ ಎರಡು ತುಂಡಾಗಿರುವ ಸೀಟಿನ ಗಾಡಿ ನೋಡಲೇಬೇಡಿ. ಬ್ರೇಕ್ ಹಾಕಿದಾಗಲೆಲ್ಲ ಅವರು ಜಾರಿ ನಿಮ್ಮ ಬೆನ್ನಿಗೆ ಒರಗುತ್ತಾರೆ. ಆ ಭಾರವನ್ನೂ ನಿಮ್ಮ ನಡುವೇ ತಡೆಯಬೇಕು. ಉದ್ದದ, ಸಪಾಟು, ಒಂದೇ ಸೀಟು ಇರಲಿ. ಹಿಡಿದುಕೊಳ್ಳಲು ಹಿಂದೆ ಗಟ್ಟಿ ಹಿಡಿಕೆ, ಸೀರೆ ಗಾರ್ಡ್ ಇರಲಿ. ದೂರ ಹೋಗುವ ದಿನ ಚೂಡಿದಾರ್ ಹಾಕಿ ಎರಡೂ ಕಡೆ ಕಾಲು ಹಾಕಿ ಕೂತರೆ ಇನ್ನೂ ಒಳ್ಳೆಯದು. ಹೆಲ್ಮೆಟ್ ಇಬ್ಬರಿಗೂ.

ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆಣ್ಣೆಯಂತೆ ಒಳಗೆ ಹೋದರೆ ಖುಷಿಪಡಬೇಡಿ. ಮೆತ್ತಗಿನ ಫೋಮ್ ಶೋರೂಮ್‌ನಲ್ಲಿ ಹತ್ತು ನಿಮಿಷ ಚೆಂದ. ಒಂದು ತಾಸಿನಲ್ಲಿ ಚಪ್ಪಟೆಯಾಗಿ ಕೆಳಗಿನ ಪ್ಲೇಟ್ ತಾಗಲು ಶುರುವಾಗುತ್ತದೆ. ಸ್ವಲ್ಪ ಬಿಗಿ ಇರುವುದೇ ದೂರಕ್ಕೆ ಸರಿ.

ಇನ್ನೊಬ್ಬರ ಪ್ರಶ್ನೆ: ಅಣ್ಣಾ, ನಾನು ಟೀಚರ್, ಎತ್ತರ 5 ಅಡಿ. ಸ್ಕೂಟರ್ ಬಿಟ್ಟು ಬೈಕ್ ತಗೊಳ್ಳಬೇಕು ಅಂತ ಆಸೆ. ಸೀಟ್ ಹೈಟ್ ಎಷ್ಟಿರಬೇಕು?

ಉತ್ತರ: ಅಕ್ಕಾರ, ಬರೀ ನಂಬರ್ ನಂಬಬೇಡಿ. ರಾಯಲ್ ಎನ್‌ಫೀಲ್ಡ್‌ನಲ್ಲೇ ನೋಡಿ, ಕ್ಲಾಸಿಕ್ 805 ಮಿ.ಮೀ., ಹಂಟರ್ 790, ಮೀಟಿಯರ್ 765. ಆದರೆ ಸೀಟು ಅಗಲ ಇದ್ದರೆ ತೊಡೆ ಹೊರಕ್ಕೆ ಹೋಗಿ ಕಾಲು ಗಿಡ್ಡ ಆಗಿಬಿಡುತ್ತದೆ. ದಿನಾ ಹಾಕುವ ಚಪ್ಪಲಿಯಲ್ಲೇ ಹೋಗಿ ಕೂತು ನೋಡಿ. ಎರಡೂ ಪಾದದ ಮುಂದಿನ ಅರ್ಧ ನೆಲಕ್ಕೆ ಊರಿದರೆ ಸಾಕು. ಕೂತಲ್ಲೇ ಕಾಲಿನಿಂದ ಗಾಡಿಯನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿ. ತಳ್ಳಲು ಆದರೆ ತಗೊಳ್ಳಿ, ಆಗದಿದ್ದರೆ ಬಿಡಿ. ನಿಮಗೆ ನಡು ನೋವಿಲ್ಲದಿದ್ದರೆ ಮೀಟಿಯರ್‌ನಂಥದ್ದೂ ನೋಡಬಹುದು, ತೂಕ 191 ಕೆ.ಜಿ. ಅನ್ನುವುದು ನೆನಪಿರಲಿ.

ಮತ್ತೊಬ್ಬರ ಪ್ರಶ್ನೆ: ಸ್ಪೋಕ್ ಗಾಲಿ ಎಷ್ಟು ಚೆಂದ ಕಾಣ್ತವೆ. ನೀವು ಗ್ಯಾರೇಜಿನವರೆಲ್ಲ ಅಲಾಯ್ ಅಲಾಯ್ ಅಂತ ಯಾಕೆ ಬಡ್ಕೊಳ್ತೀರಿ?

ಉತ್ತರ: ಜಾಲಿಮುಳ್ಳು ರೀ, ಜಾಲಿಮುಳ್ಳು. ಸಾಮಾನ್ಯವಾಗಿ ಸ್ಪೋಕ್ ಗಾಲಿಗೆ ಟ್ಯೂಬ್ ಇರುತ್ತದೆ. ಮುಳ್ಳು ಚುಚ್ಚಿದರೆ ಗಾಳಿ ಫಟ್ ಅಂತ ಇಳಿಯಬಹುದು. ಟೈರ್ ಬಿಡಿಸಿ ಟ್ಯೂಬ್ ಹೊರಗೆ ತೆಗೆಯದೆ ಪಂಕ್ಚರ್ ಹಾಕಲು ಬರುವುದಿಲ್ಲ. ಅಲಾಯ್ ಗಾಲಿಗೆ ಹಾಕುವ, ಟ್ಯೂಬ್ ಬೇಡದ ಟ್ಯೂಬ್‌ಲೆಸ್ ಟೈರ್ ಆದರೆ ಗಾಳಿ ನಿಧಾನ ಇಳಿಯುತ್ತದೆ, ಮುಂದಿನ ಊರು ಮುಟ್ಟಬಹುದು. ಕಿಟ್ ಇದ್ದರೆ ರಸ್ತೆ ಬದಿಯಲ್ಲೇ ಹತ್ತು ನಿಮಿಷದ ಕೆಲಸ. ಏಪ್ರಿಲ್ ಮಧ್ಯಾಹ್ನ ಗಿಡದ ನೆರಳಿಲ್ಲದ ಕಡೆ ಹೆಂಡತಿಯನ್ನು ನಿಲ್ಲಿಸಿ ಗಾಡಿ ತಳ್ಳಿ ನೋಡಿ, ಚೆಂದ ಮರೆತುಹೋಗುತ್ತದೆ.

ಮೊದಲು ಕೇಳಿದವರು: ಅಣ್ಣಾರ, ನಿನ್ನೆ ಇಬ್ಬರೂ ಹೋಗಿ ಕೂತು ನೋಡಿದೆವು. 350 ಮೇಲೆ ಕೂತಾಗ ನನಗೆ ರಾಜನಂತೆ ಅನ್ನಿಸಿತು, ಸುಳ್ಳು ಹೇಳಲ್ಲ. ಇವಳು ಮಾತ್ರ ಯೂನಿಕಾರ್ನ್ ಸೀಟಿನ ಮೇಲೆ ಕೂತವಳು ಇಳಿಯಲೇ ಇಲ್ಲ. ಅದನ್ನೇ ಬುಕ್ ಮಾಡಿ ಬಂದೆ. ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿಸಬೇಕು ಅಂತ ಯಾರೋ ಹೇಳಿದರು, ಹೌದಾ?

ಉತ್ತರ: ಛಲೋ ಆಯ್ತು. ಒಬ್ಬರೇ ಓಡಾಡುವಾಗ ಕಂಪನಿಯಿಂದ ಬಂದಂತೆಯೇ ಇರಲಿ, ಸುಮ್ನೆ ಬಿಗಿ ಮಾಡಿದರೆ ಹಂಪ್‌ನಲ್ಲಿ ಎತ್ತಿ ಒಗೆಯುತ್ತದೆ. ಇಬ್ಬರು ದೂರ ಹೋಗುವ ಮುಂಚೆ ಒಂದೆರಡು ಮೆಟ್ಟು ಏರಿಸಿ, ಬಂದ ಮೇಲೆ ಇಳಿಸಿ. ಹಿಂದಿನ ಟೈರ್‌ಗೆ ಒಬ್ಬರಿಗೊಂದು, ಇಬ್ಬರಿಗೊಂದು ಗಾಳಿ ಅಳತೆ ಗಾಡಿ ಮೇಲಿನ ಸ್ಟಿಕ್ಕರ್‌ನಲ್ಲೇ ಬರೆದಿರುತ್ತದೆ. ಟೈರ್ ತಣ್ಣಗಿರುವಾಗ ಹಾಕಿಸಿ. ಮೊದಲ ಸರ್ವಿಸ್ ಆಗುವವರೆಗೆ ಬಾದಾಮಿ ಬೇಡ. ಆಮೇಲೆ ಒಂದು ಸಂಜೆ ಗ್ಯಾರೇಜಿಗೆ ಬನ್ನಿ, ಸ್ಪ್ರಿಂಗ್ ನಾನೇ ಹೊಂದಿಸಿ ಕೊಡುತ್ತೇನೆ. ಮನೆಯವರನ್ನೂ ಕರೆದುಕೊಂಡು ಬರಬೇಕು, ಅವರು ಹಿಂದೆ ಕೂರದೆ ಆ ಕೆಲಸ ಆಗುವುದಿಲ್ಲ.