ಹಾಲಿನ ರಾಸಿಗೆ ಸೊಪ್ಪು, ಕಾಯಿ: ಪಶುವೈದ್ಯರಿಗೆ ನಿಮ್ಮ ಪ್ರಶ್ನೆ

ಹೊನ್ನಾಳಿ: ನಮಸ್ಕಾರ ಸರ್. ಎಮ್ಮೆಗೆ ನುಗ್ಗೆ ಸೊಪ್ಪು ಹಾಕಬಹುದಾ?

ಡಾಕ್ಟರ್: ನಮಸ್ಕಾರ. ಧಾರಾಳವಾಗಿ ಹಾಕಿ. ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಚೆನ್ನಾಗಿವೆ. ಮೆಕ್ಕೆಜೋಳದ ದಂಟಿನ ಜೊತೆ ಬೆರೆಸಿ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ಹರಿಹರ: ಸುಬಾಬುಲ್ ತಿಂದು ಕರುವಿನ ಬಾಲದ ಕೂದಲು ಉದುರ್ತಿದೆ.

ಡಾಕ್ಟರ್: ಅದರಲ್ಲಿ ಮಿಮೋಸಿನ್ ಅನ್ನೋ ವಿಷ ಇದೆ. ಸದ್ಯಕ್ಕೆ ನಿಲ್ಲಿಸಿ. ದೊಡ್ಡ ರಾಸಿಗೂ ಮೇವಿನ ಮೂರರಲ್ಲಿ ಒಂದು ಪಾಲು ದಾಟಬಾರದು.

ಜಗಳೂರು: ಅಜೋಲಾ ಎಷ್ಟು ಕೊಡಬೇಕು ಸರ್?

ಚಳ್ಳಕೆರೆ: ಸರ್, ಮೇವಿಲ್ಲದೆ ಬೇಸಿಗೆಯಿಂದ ಆಕಳಿಗೆ ಬಳ್ಳಾರಿ ಜಾಲಿ ಕಾಯಿಯೇ ಗತಿ. ಈಗ ಕೆಳದವಡೆ ಜೋತಿದೆ. ತಲೆ ವಾಲಿಸಿ ಅಗಿಯುತ್ತೆ, ಅಗಿದದ್ದು ಗೋದಲಿಗೇ ಬೀಳುತ್ತೆ. ಜೊಲ್ಲು ನಿಲ್ಲುತ್ತಿಲ್ಲ.

ಡಾಕ್ಟರ್: ಬಾಯಿಗೆ ಕೈ ಹಾಕಬೇಡಿ! ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಹುಡುಕಲೂ ಬೇಡಿ. ದವಡೆ ಜೋತು ಜೊಲ್ಲು ಸುರಿದರೆ ಮೊದಲು ಹುಚ್ಚುನಾಯಿ ರೋಗದ ಅನುಮಾನ ಪಡಬೇಕು. ನಾಯಿ ಕಚ್ಚಿತ್ತಾ? ಸುಮ್ನೆ ಕೂಗುತ್ತಾ? ಹಿಂಗಾಲು ತಡವರಿಸುತ್ತಾ? ಜೊಲ್ಲು ಗಾಯಕ್ಕೆ ತಾಗಿದ್ದರೆ 15 ನಿಮಿಷ ಸೋಪು ಹಾಕಿ ತೊಳೆದು, ಇವತ್ತೇ ಆಸ್ಪತ್ರೆಗೆ ಹೋಗಿ. ಅದರ ಹಾಲು ಯಾರಿಗೂ ಬೇಡ.
ಜಾಲಿ ಕಾಯಿಯಿಂದಲೂ ಹೀಗಾಗುತ್ತೆ. ತಿಂಗಳುಗಟ್ಟಲೆ ಅದನ್ನೇ ತಿಂದರೆ ಅಗಿಯುವ ಸ್ನಾಯುಗಳ ನರ ಹಾಳಾಗಿ ಕೆನ್ನೆ ಒಳಸೇರುತ್ತೆ. ಆದರೆ ಅದು ನಿಧಾನಕ್ಕೆ ಬರುತ್ತೆ. ಹುಚ್ಚು ಕೆಲವೇ ದಿನಗಳಲ್ಲಿ ಮುಗಿಸಿಬಿಡುತ್ತೆ. ಶುರುವಾಗಿ ಎಷ್ಟು ದಿನವಾಯ್ತು?

ಹೊಸದುರ್ಗ: ಫಾರ್ವರ್ಡ್ ಬಂದಿದೆ: ಅರಿಶಿಣ, ಎಳ್ಳೆಣ್ಣೆ ಕಲಸಿ ಗೊಟ್ಟದಲ್ಲಿ ಕುಡಿಸಿದರೆ ದವಡೆ ಕೂರುತ್ತೆ.

ಡಾಕ್ಟರ್: ಗೊಟ್ಟ ಮುಟ್ಟಬೇಡಿ. ನುಂಗಲಾಗದ ದನಕ್ಕೆ ಎಣ್ಣೆ ಹೊಯ್ದರೆ ಶ್ವಾಸಕೋಶಕ್ಕೆ ಇಳಿದು ಸಾಯುತ್ತೆ. ಇಂಥದ್ದನ್ನು ಇಲ್ಲಿ ಹಾಕಬೇಡಿ ಅಂತ ಎಷ್ಟು ಸಲ ಹೇಳಲಿ?

ಹೊಸದುರ್ಗ: ನಮ್ಮಜ್ಜ ಗೊಟ್ಟದಲ್ಲೇ ದನ ಉಳಿಸಿದ್ದರು. ಎಲ್ಲದಕ್ಕೂ ಇಂಜೆಕ್ಷನ್ನೇ ಬೇಕಾ?

ಚನ್ನಗಿರಿ: ಅಣ್ಣ, ಹೊಟ್ಟೆಯುಬ್ಬರಕ್ಕೆ ಹಾಕಿರಬಹುದು. ಇಲ್ಲಿ ದವಡೆಯೇ ನಿಲ್ಲುತ್ತಿಲ್ಲ, ಸರಿಯಾಗಿ ಓದಿ.

ಹೊಸದುರ್ಗ: ನೀವೇನು ಡಾಕ್ಟರಾ? ಮನೇಲಿ ಒಂದು ದನ ಇದೆಯಾ?

ಚನ್ನಗಿರಿ: ಇದೆ ರೀ. ಫಾರ್ವರ್ಡ್ ನೋಡಿ ಸಾಕಿಲ್ಲ.

ಜಗಳೂರು: ಅಜೋಲಾ ಕೇಳಿದ್ದೆ.

ಹಿರಿಯೂರು: ನುಗ್ಗೆ ಸೊಪ್ಪು ಹಾಕಬಹುದಾ?

ಡಾಕ್ಟರ್: ಮೇಲೆ ಓದಿ.

ಚಳ್ಳಕೆರೆ: ನಾಯಿ ಕಚ್ಚಿದ್ದು ಕಂಡಿಲ್ಲ. ತಿಂಗಳ ಮೇಲಾಯ್ತು, ಕೆನ್ನೆ ಒಳಸೇರಿದೆ. ನಮ್ಮ ಪಶು ಆಸ್ಪತ್ರೆಯವರು ಸಂಜೆ ಬರ್ತಾರಂತೆ.

ಡಾಕ್ಟರ್: ಹಾಗಾದರೆ ಕಾಯಿಯ ಕಡೆಗೇ ಅನುಮಾನ. ಆದರೂ ಅವರು ನೋಡೋವರೆಗೂ ಜೊಲ್ಲಿನ ಎಚ್ಚರ ಬಿಡಬೇಡಿ. ಕಾಯಿ ಈಗಲೇ ನಿಲ್ಲಿಸಿ. ಉಳಿದ ದನಗಳಿಗೂ ಅದೇ ಹಾಕ್ತಿದ್ದೀರಾ?

ಚಳ್ಳಕೆರೆ: ಹೌದು ಸರ್, ಇನ್ನೆರಡಕ್ಕೆ.

ಡಾಕ್ಟರ್: ಅವಕ್ಕೂ ನಿಲ್ಲಿಸಿ. ಸಂಜೆ ಬಂದವರಿಗೆ ಅವುಗಳ ದವಡೆಯನ್ನೂ ತೋರಿಸಿ.